ಮರದ ಚಕ್ಕೆಯ ಕಾಕಾ

ಅವರ ಬಲಗೈಯಲ್ಲಿ ಉಳಿದಿದ್ದುದು ಎರಡೇ ಬೆರಳು, ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರನ್ನು ನಮ್ಮ ಕಾರ್ಖಾನೆಯ ನಾಲ್ಕನೇ ನಂಬರಿನ ಪವರ್ ಪ್ರೆಸ್ ತೆಗೆದುಕೊಂಡಿತ್ತು. ಉಳಿದ ಎರಡರಲ್ಲೇ ಅವರು ಬೀಡಿ ಹಿಡಿಯುತ್ತಿದ್ದರು, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು, ಸಸಿಯನ್ನು ಬೇರು ನಲುಗದಂತೆ ಎತ್ತಿ ನೆಡುತ್ತಿದ್ದರು. ಯಾರಾದರೂ ಆ ಕೈಯನ್ನು ಕದ್ದು ನೋಡಿದರೆ ಅದನ್ನು ಜೇಬಿಗೆ ಸೇರಿಸುತ್ತಿರಲಿಲ್ಲ. ಇನ್ನಷ್ಟು ಮುಂದೆ ಚಾಚಿ, "ಪೂರಾ ನೋಡ್ರಿ, ಆಮ್ಯಾಲ ಮಾತಾಡೂಣು," ಎನ್ನುತ್ತಿದ್ದರು. ನೋಡಿದವರು ನಾಚಿಕೊಂಡು ಬೇರೆ ವಿಷಯ ತೆಗೆಯುತ್ತಿದ್ದರು.

ಬಿಜಾಪುರದ ಕಡೆಯವರು. ಆ ಕಡೆ ಚಿಕ್ಕಪ್ಪನನ್ನು ಕಾಕಾ ಎನ್ನುತ್ತಾರೆ, ಹಾಗಾಗಿ ಪ್ರೆಸ್ ಶಾಪಿನಲ್ಲಿದ್ದ ಅವರೂರಿನ ಹುಡುಗರಿಂದ ಶುರುವಾಗಿ ಕ್ಯಾಂಟೀನಿನವರ ತನಕ ಎಲ್ಲರಿಗೂ ಅವರು ಕಾಕಾ. ಅವರು ಕೆಲಸ ಬಿಟ್ಟು ಊರಿಗೆ ಹೋಗಿ ಈಗ ಒಂದು ವರ್ಷವಾಯಿತು. ಪೀಣ್ಯದ ನಮ್ಮ ಕಾರ್ಖಾನೆಯ ಹಿಂಭಾಗದಲ್ಲಿ ಅವರು ಮಾಡಿಟ್ಟು ಹೋದ ತೋಟದ ಪಕ್ಕದಲ್ಲೇ ನಾನು ದಿನವೂ ನಡೆದು ಡ್ರಾಯಿಂಗ್ ಸೆಕ್ಷನ್ನಿಗೆ ಹೋಗುತ್ತೇನೆ. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕೂತಾಗಲೆಲ್ಲ ಮೊದಲು ನನ್ನದೇ ಒಂದು ತಪ್ಪನ್ನು ಬರೆಯಬೇಕಾಗುತ್ತಿತ್ತು. ಅದಕ್ಕೇ ತಡವಾಯಿತು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಸೇರಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಒಬ್ಬಳೇ ಹೆಂಗಸು. ಕರೆಂಟ್ ಮೀಟರಿನ ಡಬ್ಬಿ, ಪಂಪ್‌ಸೆಟ್ಟಿನ ಮುಚ್ಚಳ, ಇಂಥ ತಗಡಿನ ಸಾಮಾನುಗಳನ್ನು ಒತ್ತಿ ತೆಗೆಯುವ ಕಾರ್ಖಾನೆ ನಮ್ಮದು. ತಗಡನ್ನು ಕೈಯಿಂದ ಅಚ್ಚಿನ ಕೆಳಗೆ ಇಡಬೇಕು, ಕಾಲಿನಿಂದ ಪೆಡಲ್ ಒತ್ತಬೇಕು, ಪ್ರೆಸ್ ಕೆಳಗಿಳಿದು ಮೇಲೇಳುತ್ತದೆ, ಮತ್ತೆ ಕೈ ಹಾಕಿ ತೆಗೆಯಬೇಕು. ಕೈ ಮತ್ತು ಕಾಲು ದಿನಕ್ಕೆ ಸಾವಿರಾರು ಸಲ ಹೊಂದಿಕೊಂಡು ಕೆಲಸ ಮಾಡಬೇಕು. ಒಂದು ಸಲ ತಪ್ಪಿದರೆ ಬೆರಳು ಹೋಗುತ್ತದೆ.

ಸೇರಿದ ವರ್ಷವೇ ನಾನು ನಾಲ್ಕನೇ ಪ್ರೆಸ್ಸಿಗೆ ಕೈ ಕಾಯುವ ಒಂದು ಗಾರ್ಡಿನ ನಕ್ಷೆ ಬರೆದಿದ್ದೆ. ಅಚ್ಚಿನ ಮುಂದೆ ಜಾಲರಿಯ ಬಾಗಿಲು, ಅದು ಮುಚ್ಚಿದರೆ ಮಾತ್ರ ಪೆಡಲ್ ಇಳಿಯುವಂತೆ. ಪ್ರೊಡಕ್ಷನ್ ಮ್ಯಾನೇಜರ್ ನಕ್ಷೆಯನ್ನು ಚೆನ್ನಾಗಿಯೇ ನೋಡಿದರು, ಇದು ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ ಎಂದರು, ವಾಪಸು ಕೊಟ್ಟರು. ಕೆಟ್ಟ ಮನುಷ್ಯರೇನಲ್ಲ. ಅವರ ಮೇಲಿನವರು ಅವರನ್ನು ಕೇಳುತ್ತಿದ್ದುದು ದಿನಕ್ಕೆ ಎಷ್ಟು ಡಬ್ಬಿ ಬಂತು ಎಂಬುದೊಂದನ್ನೇ. ನಾನು ನಕ್ಷೆಯನ್ನು ಸುತ್ತಿ ಡ್ರಾಯರಿಗೆ ಹಾಕಿದೆ. ಇನ್ನೊಂದು ಸಲ ಕೇಳಬಹುದಿತ್ತು. ಹೊಸಬಳು, ಹೆಂಗಸು, ಸುಮ್ಮನಿರುವುದೇ ಮೇಲು ಎಂದುಕೊಂಡೆ. ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಊಟದ ಗಂಟೆಗೆ ಮೊದಲೇ ಪ್ರೆಸ್ ಶಾಪಿನ ಸದ್ದು ಒಮ್ಮೆಲೇ ನಿಂತಿತು. ಯಾವಾಗಲೂ ಸದ್ದಿರುವ ಜಾಗ ಹಾಗೆ ನಿಂತರೆ ಏನಾಗಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಆಸ್ಪತ್ರೆಗೆ ಎಲ್ಲರೂ ಸರದಿಯಲ್ಲಿ ಹೋಗಿ ಬಂದರು. ನಾನು ವಾರ್ಡಿನ ಬಾಗಿಲ ತನಕ ಹೋದೆ. ಕಾಕಾ ಅವರ ಹೆಂಡತಿ ಹಾಸಿಗೆಯ ಪಕ್ಕ ಕೂತು ಗಂಡನ ಬಾಯಿಗೆ ಅನ್ನದ ತುತ್ತು ಇಡುತ್ತಿದ್ದರು. ಒಳಗೆ ಕಾಲಿಡಲಾಗದೆ ಹಣ್ಣಿನ ಚೀಲವನ್ನು ನರ್ಸಿನ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ನಾಲ್ಕು ತಿಂಗಳ ಮೇಲೆ ಕಾಕಾ ವಾಪಸು ಬಂದಾಗ ಅವರಿಗೆ ಲೈಟ್ ಡ್ಯೂಟಿ ಕೊಟ್ಟರು. ಪ್ರೆಸ್ ಶಾಪಿನ ಹಿಂದಿನ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಜಾಗವಿತ್ತು. ಕಾಗದದಲ್ಲಿ ಅದರ ಹೆಸರು ಗಾರ್ಡನ್. ನೋಡಿದರೆ ಕಟ್ಟಡ ಕಟ್ಟಿದಾಗ ಉಳಿದ ಜಲ್ಲಿ, ಒಡೆದ ಇಟ್ಟಿಗೆ, ಲೇತ್ ಮಷಿನ್ನಿನ ತುಕ್ಕು ಹಿಡಿದ ಸುರುಳಿ, ಮಧ್ಯೆ ಕಾದ ಹೆಂಚಿನಂಥ ಕೆಂಪು ನೆಲ. ಗುದ್ದಲಿ ಹಾಕಿದರೆ ಕಲ್ಲಿಗೆ ಬಿದ್ದ ಸದ್ದೇ ಬರುತ್ತಿತ್ತು. ಮಳೆಗಾಲದಲ್ಲಿ ಅಲ್ಲಿ ಬಿದ್ದ ನೀರೆಲ್ಲ ಒಂದು ಹನಿಯೂ ಇಂಗದೆ ಪ್ರೆಸ್ ಶಾಪಿನ ಒಳಗೇ ನುಗ್ಗಿ, ಕೆಲಸದವರು ಮೊಣಕಾಲು ತನಕ ಪ್ಯಾಂಟು ಮಡಚಿ ಬಕೆಟ್ಟಿನಲ್ಲಿ ಕೆಸರು ಎತ್ತಿ ಹಾಕಬೇಕಾಗುತ್ತಿತ್ತು. ಇಂಥ ಜಾಗವನ್ನು ಕಾಕಾಗೆ ಕೊಟ್ಟದ್ದರ ಅರ್ಥ ಎಲ್ಲರಿಗೂ ತಿಳಿದಿತ್ತು. ಕೂತಿರಲಿ, ಸಂಬಳ ತೆಗೆದುಕೊಳ್ಳಲಿ, ಪಾಪ.

ಆ 'ಪಾಪ' ಎಂಬ ಮಾತು ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬರು ಅವರ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಲು ಬಂದಾಗ ಕಾಕಾ ತಟ್ಟೆ ಬಿಡದೆ, ನನ್ನ ಕೈ ಹೋಗಿಲ್ಲ, ಬೆರಳು ಹೋಗ್ಯಾವ ಅಷ್ಟ, ಎಂದರಂತೆ. ಆ ಮೇಲೆ ಯಾರೂ ಅವರ ತಟ್ಟೆಗೆ ಕೈ ಹಾಕಲಿಲ್ಲ. ಎರಡು ತಿಂಗಳು ಅವರು ಆ ನೆಲದಲ್ಲಿ ಕಲ್ಲು ಆಯ್ದರು. ಕ್ಯಾಂಟೀನಿನಿಂದ ಕೇಳಿ ತಂದ ಹಳೇ ಹೂಕೋಸಿನ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳನ್ನು ಚಿಮಟದಂತೆ ಮಾಡಿ ಒಂದೊಂದೇ ಕಲ್ಲನ್ನು ಎತ್ತಿ ಹಾಕುವುದು. ಬೆರಳುಗಳಿಗೆ ಅದೇ ವ್ಯಾಯಾಮ ಎಂದು ಡಾಕ್ಟರು ಹೇಳಿದ್ದರು ಎಂದು ಅವರೇ ಆಮೇಲೆ ಹೇಳಿದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಇಳಿದು ಹೋಗಿ ಮಾತಾಡಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊಸ ಶೆಡ್ ಕಟ್ಟುವುದೆಂದಾಗಿ ಕಾಂಪೌಂಡಿನ ಒಳಗಿದ್ದ ನೀಲಗಿರಿ ಸಾಲನ್ನೂ ಎರಡು ದೊಡ್ಡ ಗುಲ್‌ಮೊಹರ್ ಮರಗಳನ್ನೂ ಕಡಿಸಿದರು. ಕಂಟ್ರಾಕ್ಟರ್ ದಿಮ್ಮಿಗಳನ್ನು ಲಾರಿಗೆ ತುಂಬಿಕೊಂಡು ಹೋದ. ರೆಂಬೆ ಕೊಂಬೆಗಳು ಗುಡ್ಡೆಯಾಗಿ ಉಳಿದವು. ಒಣಗಿದ ಮೇಲೆ ಸುಟ್ಟು ಹಾಕುವುದೆಂದು ತೀರ್ಮಾನವಾಗಿತ್ತು.

ಮರ ಕಡಿದು ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಕಾಕಾ ಡ್ರಾಯಿಂಗ್ ಸೆಕ್ಷನ್ನಿನ ಬಾಗಿಲಲ್ಲಿ ಬಂದು ನಿಂತರು. ಅದಕ್ಕೆ ಮೊದಲು ಅವರು ಮೆಟ್ಟಿಲು ಹತ್ತಿ ಬಂದವರೇ ಅಲ್ಲ. ಗಾರ್ಡಿನ ವಿಷಯ ಯಾರೋ ಹೇಳಿದ್ದಾರೆ, ಕೇಳಲು ಬಂದಿದ್ದಾರೆ ಎಂದುಕೊಂಡೆ.

"ಮೇಡಂರ, ಒಂದ್ ಸಲ ಕೆಳಗ ಬರ್ರಿ. ತೋರಿಸೋದೈತಿ," ಎಂದರು.

ಅವರು ಕರೆದುಕೊಂಡು ಹೋಗಿದ್ದು ಗುಲ್‌ಮೊಹರ್ ಮರದ ಬುಡಕ್ಕೆ. ಕೊಡಲಿಯವರು ಅಲ್ಲಿ ಮೂರು ದಿನ ಕಡಿದಿದ್ದರು. ಸಿಡಿದ ಚಕ್ಕೆಗಳು ಒಂದು ಗೇಣು ದಪ್ಪ ಹರಡಿ ಬಿದ್ದಿದ್ದವು. ಕಾಕಾ ಕುಕ್ಕರುಗಾಲಿನಲ್ಲಿ ಕೂತು ಚಕ್ಕೆಗಳನ್ನು ಸರಿಸಿದರು. ಕೆಳಗಿನ ಮಣ್ಣು ಕಪ್ಪಾಗಿ ತಂಪಾಗಿ ಇತ್ತು. ಅವರು ಮಗುವಿನ ಕೆನ್ನೆ ಹಿಂಡುವಷ್ಟು ಮೆತ್ತಗೆ ಎರಡೇ ಬೆರಳಲ್ಲಿ ಮಣ್ಣು ಹಿಂಡಿ ತೋರಿಸಿದರು. ಉಂಡೆಯಾಗಿ ನಿಂತಿತು. ಒಂದು ಮಾರು ಆಚೆ, ಚಕ್ಕೆ ಬೀಳದ ಕಡೆ, ನೆಲ ಎಂದಿನಂತೆ ಬಿರುಕು ಬಿಟ್ಟಿತ್ತು. ಮೂರು ವಾರದಿಂದ ಮಳೆಯಿಲ್ಲ, ಯಾರೂ ನೀರು ಹಾಕಿಲ್ಲ. ಮರ ಕಡಿಯುವಾಗ ಮಣ್ಣಿನಲ್ಲಿ ಇದ್ದ ತೇವ ಚಕ್ಕೆಯ ಕೆಳಗೆ ಹಾಗೇ ಉಳಿದಿತ್ತು.

"ಮೈಮ್ಯಾಲ ಅರಿವಿ ಇಲ್ದ ನಾವು ಬಿಸಿಲಾಗ ನಿಂದರ್ತೀವೇನ್ರಿ? ಮಣ್ಣೂ ಅಷ್ಟ. ಅದಕ್ಕ ಹೊಚ್ಚಾಕ ಏನರ ಬೇಕು."

ಅರಿವಿ ಎಂದರೆ ಬಟ್ಟೆ. ಆ ಗುಡ್ಡೆಯಲ್ಲಿರುವ ಕೊಂಬೆಗಳೆಲ್ಲ ಚಕ್ಕೆಯಾದರೆ ತನ್ನ ಇಡೀ ನೆಲಕ್ಕೆ ಹೊದಿಕೆಯಾಗುತ್ತದೆ ಎಂದು ಅವರ ಲೆಕ್ಕ. ಆದರೆ ಕೊಡಲಿಯಲ್ಲಿ ಅಷ್ಟನ್ನು ಕೊಚ್ಚುವುದು ಒಬ್ಬರ ಕೈಯಲ್ಲಿ, ಅದೂ ಆ ಕೈಯಲ್ಲಿ, ಆಗುವ ಮಾತಲ್ಲ. ಅವರೂರಿನಲ್ಲಿ ಜೋಳದ ದಂಟು ಕತ್ತರಿಸಿ ದನಕ್ಕೆ ಹಾಕುವ ಯಂತ್ರವಿದೆಯಂತೆ. ದೊಡ್ಡ ಚಕ್ರಕ್ಕೆ ಎರಡು ಕತ್ತಿ, ತಿರುಗಿಸಿದರೆ ದಂಟು ತುಂಡಾಗಿ ಬೀಳುತ್ತದೆ. ಅಂಥದ್ದೊಂದನ್ನು ಗಟ್ಟಿಯಾಗಿ ಮಾಡಿದರೆ ಕೊಂಬೆಯೂ ತುಂಡಾಗುತ್ತದಲ್ಲ, ನೀವು ಬರೆದುಕೊಡುತ್ತೀರಾ ಎಂದು ಕೇಳಿದರು. ಮ್ಯಾನೇಜರ್ ಹತ್ತಿರ ಆಗಲೇ ಹೋಗಿ ಬಂದಿದ್ದರು. ಸ್ಕ್ರ್ಯಾಪಿನಲ್ಲಿ ಬಿದ್ದಿರುವುದನ್ನು ಮಾತ್ರ ಬಳಸಬೇಕು, ಕೆಲಸದ ಸಮಯ ಹಾಳು ಮಾಡಬಾರದು, ಹತ್ತು ದಿನದಲ್ಲಿ ಆಗದಿದ್ದರೆ ಗುಡ್ಡೆಗೆ ಬೆಂಕಿ, ಎಂದು ಅವರು ಒಪ್ಪಿದ್ದರಂತೆ.

ಸ್ಕ್ರ್ಯಾಪ್ ಯಾರ್ಡಿನಲ್ಲಿ ಹಳೇ ಪ್ರೆಸ್ ಒಂದರ ಫ್ಲೈವೀಲ್ ಸಿಕ್ಕಿತು. ಜೊತೆಯಲ್ಲಿದ್ದ ಫಿಟ್ಟರ್ ಒಬ್ಬರು ಹಿಂಜರಿಯುತ್ತ, ಇದು ಆ ನಾಲ್ಕನೇ ನಂಬರಿಂದಾ ಎಂದು ಕೇಳಿದರು. "ಇಲ್ಲಪಾ, ಅದು ಇನ್ನೂ ದುಡೀತೈತಿ," ಎಂದು ಕಾಕಾ ಚಕ್ರವನ್ನು ಉರುಳಿಸಿಕೊಂಡು ಬಂದರು. ಸುಟ್ಟುಹೋದ ಮೋಟಾರೊಂದಕ್ಕೆ ಎಲೆಕ್ಟ್ರಿಕಲ್ ಸೆಕ್ಷನ್ನಿನವರು ಊಟದ ಬಿಡುವಿನಲ್ಲಿ ಹೊಸ ತಂತಿ ಸುತ್ತಿ ಕೊಟ್ಟರು. ಟೂಲ್ ರೂಮಿನಲ್ಲಿ ಉಳಿದಿದ್ದ ಡೈ ಸ್ಟೀಲಿನ ತುಂಡಿನಿಂದ ಕತ್ತಿಗಳಾದವು. ಕಾಕಾ ಒಂದು ಮಾತು ಕೇಳಿದರೆ ಯಾರಿಗೂ ಇಲ್ಲ ಎನ್ನಲಾಗುತ್ತಿರಲಿಲ್ಲ. ಮೊದಲು ಕನಿಕರದಿಂದ ಬಂದವರು ಎರಡನೇ ದಿನ ಕುತೂಹಲದಿಂದ ಬಂದರು, ನಾಲ್ಕನೇ ದಿನ ತಮ್ಮದೇ ಕೆಲಸವೆಂಬಂತೆ ವಾದ ಮಾಡುತ್ತಿದ್ದರು.

ನಕ್ಷೆಯಲ್ಲಿ ಕೊಂಬೆಯನ್ನು ತೂರಿಸುವ ಬಾಯಿ ಒಂದು ಉಳಿದಿತ್ತು. ತಗಡಿನ ಉದ್ದನೆ ಕೊಳವೆಯಂತೆ ಅದು. ಕೈ ಹಾಕಿದರೂ ಕತ್ತಿ ಮುಟ್ಟದಂತೆ ಎರಡಡಿ ಉದ್ದ ಸಾಕು ಎಂದು ನಾನು ಬರೆದಿದ್ದೆ. ಕಾಕಾ ಮೇಜಿನ ಹತ್ತಿರ ಬಂದು ಅಂಗಿ ತೋಳು ಮಡಚಿ ಕೈಯನ್ನು ನಕ್ಷೆಯ ಮೇಲೆ ಚಾಚಿದರು. ನಾನು ಟೇಪು ಹಿಡಿದು ಬಲಗೈಯ ಕಡೆ ಹೋದೆ.

"ಅದು ಗಿಡ್ಡ ಆಗೇತ್ರಿ. ಎಡಗೈ ಅಳೀರಿ," ಎಂದರು.

ಅವರು ನಕ್ಕರು. ನನಗೆ ನಗು ಬರಲಿಲ್ಲ. ಎಡಗೈ ಅಳೆದೆ. ಅದು ಸಾಲದು ಎಂದು ಇಡೀ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಎತ್ತರದ ಮನುಷ್ಯ ಯಾರು ಎಂದು ಹುಡುಕಿದರು. ಪೇಂಟ್ ಶಾಪಿನವರೊಬ್ಬರನ್ನು ಹಿಡಿದು ತಂದು ಹೆಗಲಿಂದ ಬೆರಳ ತುದಿಯ ತನಕ ಅಳೆಸಿದರು. ಆ ಮೇಲೂ ಇನ್ನೊಂದು ಗೇಣು ಸೇರಿಸಿ ಎಂದರು. ಯಾಕೆ ಎಂದು ಕೇಳಿದೆ. ದಣಿದಾಗ ಮನುಷ್ಯನ ಕೈ ಉದ್ದವಾಗುತ್ತದೆ, ತನಗೆ ಗೊತ್ತು ಎಂದರು.

ಪೇಂಟ್ ಶಾಪಿನವರು ಹೋದ ಮೇಲೆ ರೂಮಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಡ್ರಾಯರ್ ಎಳೆದು ಸುತ್ತಿಟ್ಟ ಹಳೇ ನಕ್ಷೆಯನ್ನು ತೆಗೆದು ಅವರ ಮುಂದೆ ಬಿಡಿಸಿದೆ.

"ನಾಲ್ಕನೇ ಪ್ರೆಸ್ಸಿಗೆ ಗಾರ್ಡ್ ಬರೆದಿದ್ದೆ ಕಾಕಾ. ಬೇಡ ಅಂದ್ರು. ನಾನು ಇನ್ನೊಂದು ಸಲ ಕೇಳ್ಲಿಲ್ಲ. ಕೇಳಿದ್ರೆ ನಿಮ್ಮ ಬೆರಳು ಇರ್ತಿದ್ವೇನೋ."

ಅವರು ನಕ್ಷೆಯ ಮೇಲೆ ಬಗ್ಗಿ ನೋಡಿದರು. ಓದುಬರಹ ಅಷ್ಟಕ್ಕಷ್ಟೆಯಾದರೂ ನಕ್ಷೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಜಾಲರಿಯ ಗೆರೆಗಳ ಮೇಲೆ ಕಿರುಬೆರಳು ಆಡಿಸಿದರು. ಬೈಯಲಿ ಎಂದು ನಾನು ಕಾಯುತ್ತಿದ್ದೆ.

"ಹಾಕಿದ್ರೂ ನಾ ಇದನ್ನ ಬಿಚ್ಚಿ ಮೂಲ್ಯಾಗ ಇಡ್ತಿದ್ದೆ ಯವ್ವಾ," ಎಂದರು. "ಒಂದೊಂದು ತುಂಡಿಗೂ ಬಾಗಿಲಾ ತಗಿ, ಬಾಗಿಲಾ ಹಾಕು ಅಂದ್ರ ಯಾರು ಮಾಡ್ತಾರ? ಎಲ್ಲಾರೂ ಬಿಚ್ಚತಿದ್ವಿ. ಕೆಲಸಕ್ಕ ಅಡ್ಡ ಬರೋದನ್ನ ಮನಷ್ಯಾ ಇಟ್ಕೊಳಂಗಿಲ್ಲ. ಈ ಸಲ ಬಿಚ್ಚಾಕ ಮನಸ್ಸ ಬರಬಾರದು, ಹಂಗ ಮಾಡು."

ಅದುವರೆಗೆ ನಾನು ಮೇಡಂ ಆಗಿದ್ದೆ. ಆವತ್ತಿನಿಂದ ಯವ್ವ ಆದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕೈಗೆ ಒಂದು ಕೆಲಸ ಕೊಟ್ಟರು. ಅದುವರೆಗೆ ನಾನು ನನ್ನ ತಪ್ಪು ಇನ್ನೊಂದು ಸಲ ಕೇಳದೆ ಇದ್ದುದು ಮಾತ್ರ ಎಂದುಕೊಂಡಿದ್ದೆ. ಪ್ರೆಸ್ಸಿನ ಮುಂದೆ ಒಂದು ದಿನವೂ ನಿಲ್ಲದೆ ಅದಕ್ಕೆ ಗಾರ್ಡ್ ಬರೆದಿದ್ದೂ ತಪ್ಪೇ ಎಂದು ಆಗ ತಿಳಿಯಿತು.

ಒಂಬತ್ತನೇ ದಿನ ಯಂತ್ರ ಓಡಿತು. ಕೊಂಬೆಯ ತುದಿಯನ್ನು ಉದ್ದ ಬಾಯಿಗೆ ಇಟ್ಟು ಸ್ವಲ್ಪ ದೂಡಿದರೆ ಸಾಕು, ಚಕ್ರವೇ ಎಳೆದುಕೊಳ್ಳುತ್ತಿತ್ತು. ಬಾಯಿಯ ತಗಡನ್ನು ಬಿಚ್ಚಿದರೆ ಮೋಟಾರಿನ ಕರೆಂಟೇ ನಿಲ್ಲುವಂತೆ ಒಂದು ಸ್ವಿಚ್ ಇಟ್ಟಿದ್ದೆವು. ಆದರೆ ಬಿಚ್ಚುವ ಅಗತ್ಯವೇ ಯಾರಿಗೂ ಬರಲಿಲ್ಲ, ಯಾಕೆಂದರೆ ಅದಿದ್ದರೇ ಕೊಂಬೆ ನೆಟ್ಟಗೆ ಹೋಗುತ್ತಿತ್ತು. ಆಚೆ ಕಡೆಯಿಂದ ಚಕ್ಕೆ ಹಾರಿ ಬಂದು ಗೋಡೆಗೆ ಬಡಿದು ರಾಶಿಯಾಯಿತು. ಇಡೀ ಕಾರ್ಖಾನೆಯ ಎಣ್ಣೆ ವಾಸನೆಯ ಮೇಲೆ ನೀಲಗಿರಿಯ ವಾಸನೆ ಹರಡಿತು. ಶೀತವಾಗಿದ್ದವರೆಲ್ಲ ಹತ್ತಿರ ಬಂದು ನಿಂತರು.

ಮ್ಯಾನೇಜರ್ ಬಂದು ನೋಡಿದರು. ಎರಡು ಕೊಂಬೆ ತಾವೇ ತೂರಿಸಿದರು. ಮೋಟಾರು ನಿಲ್ಲಿಸಲು ಹೇಳಿ, ಚಕ್ರ ಪೂರ್ತಿ ನಿಂತ ಮೇಲೆ ಅಂಗಿ ತೋಳು ಮೇಲೆತ್ತಿ ಬಾಯಿಯೊಳಗೆ ಕೈ ಹಾಕಿ, ಕತ್ತಿ ಮುಟ್ಟಲು ಆಗುತ್ತದೆಯೇ ಎಂದು ಹೆಗಲು ತಗಡಿಗೆ ಒತ್ತುವ ತನಕ ಪ್ರಯತ್ನ ಪಟ್ಟರು.

"ಕೈ ಕತ್ತಿ ತನಕ ಹೋಗೋದೇ ಇಲ್ವಲ್ರೀ," ಎಂದರು.

"ಹೋಗಬಾರದು ಅಂತನ ಮಾಡೇವ್ರಿ ಸಾಹೇಬ್ರ," ಎಂದರು ಕಾಕಾ. ಆಮೇಲೆ ಎಲ್ಲರ ಎದುರಿಗೇ, ದನಿ ಏರಿಸದೆ ಕೇಳಿದರು: "ಟೊಂಗಿಗೆ ಆದದ್ದು ತಗಡಿಗೆ ಆಗಂಗಿಲ್ಲೇನ್ರಿ?"

ಮ್ಯಾನೇಜರ್ ಅಂಗಿ ತೋಳು ಇಳಿಸಿಕೊಂಡು ಹೋದರು. ಮಾರನೆಯ ದಿನ ಬೆಳಿಗ್ಗೆ ನನ್ನನ್ನು ಕರೆಸಿ, ಆ ಹಳೇ ಗಾರ್ಡಿನ ನಕ್ಷೆ ಇದೆಯೇ ಎಂದು ಕೇಳಿದರು. ಅದು ಬೇಡ ಸಾರ್, ಬೇರೆ ಬರೀತೀನಿ, ನನಗೆ ಒಂದು ವಾರ ಪ್ರೆಸ್ ಶಾಪಿನಲ್ಲಿ ನಿಲ್ಲಲು ಬಿಡಿ ಎಂದೆ.

ಕತೆ ಅಲ್ಲಿಂದ ನೆಟ್ಟಗೆ ಹೋಯಿತೆಂದೇನೂ ಅಲ್ಲ. ತೋಟದ ವಿಷಯದಲ್ಲಿ ಕಾಕಾ ಮೊದಲ ಸಲ ಸೋತರು. ಉತ್ಸಾಹದಲ್ಲಿ ಹಸಿ ಚಕ್ಕೆಯನ್ನು ಮಣ್ಣಿಗೆ ಬೆರೆಸಿ, ಗುದ್ದಲಿ ಹಾಕಿ ಕಲಸಿ, ಮೆಣಸಿನ ಸಸಿ ಬದನೆ ಸಸಿ ಇಟ್ಟರು. ಮೂರು ವಾರದಲ್ಲಿ ಎಲ್ಲ ಹಳದಿಯಾಗಿ ಕುಗ್ಗಿ ನಿಂತವು. ಚಕ್ಕೆ ಹಾಕಿ ಇದ್ದ ನೆಲವನ್ನೂ ಕೆಡಿಸಿದರು ಎಂದು ಆಡಿಕೊಂಡವರಿದ್ದರು. ಅದೇ ಸಮಯಕ್ಕೆ ಸ್ಟೋರಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಗೆದ್ದಲು ಹಿಡಿದದ್ದು ಗೊತ್ತಾಯಿತು. ಆಪಾದನೆ ಚಕ್ಕೆಯ ರಾಶಿಯ ಮೇಲೆಯೇ ಬಂತು. ಮ್ಯಾನೇಜರ್ ಬೇಸತ್ತು, ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿಸಿ ಸ್ಕೂಟರ್ ನಿಲ್ಲಿಸುವ ಸ್ಟ್ಯಾಂಡ್ ಮಾಡುತ್ತೇನೆ ಎಂದರು. ಹಾಗಾದರೆ ಕಾಕಾಗೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿ ಕೂರಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಅವರು ಬಾಡಿದ ಮೆಣಸಿನ ಗಿಡದ ಪಕ್ಕ ಕೂತಿದ್ದರು. ಬೀಡಿ ಹಚ್ಚಿರಲಿಲ್ಲ. ನಾನು ಪಕ್ಕದಲ್ಲಿ ಇಟ್ಟಿಗೆ ಮೇಲೆ ಕೂತೆ. ಪ್ರೆಸ್ಸಿಗೆ ನಾನು ಬರೆದ ಹೊಸ ಗಾರ್ಡೂ ಆ ವಾರ ಕೈಕೊಟ್ಟಿತ್ತು, ತಗಡು ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನನ್ನದೂ ಆಗುತ್ತಿಲ್ಲ ಕಾಕಾ ಎಂದೆ. ಅವರು ಸಸಿಯೊಂದನ್ನು ಕಿತ್ತು ಬೇರು ನೋಡಿದರು. ಮರದ ಬುಡದಲ್ಲಿ ಚಕ್ಕೆ ಮಣ್ಣಿನ ಮೇಲಿತ್ತು, ತಾನು ಅದನ್ನು ಒಳಗೆ ಹಾಕಿದೆ, ಹಸಿ ಚಕ್ಕೆ ಒಳಗೆ ಕೂತು ಗಿಡದ ಊಟವನ್ನೆಲ್ಲ ತಾನೇ ಉಂಡಿತು, ಎಂದು ತಮಗೆ ತಾವೇ ಹೇಳಿಕೊಂಡರು. ನಂತರ ನನ್ನ ಕಡೆ ತಿರುಗಿ, "ಅರಿವಿ ಮೈಮ್ಯಾಲ ಹಾಕ್ಕೊಬೇಕು. ನಾ ಹೊಟ್ಟ್ಯಾಗ ತುರುಕಿದ್ನಿ," ಎಂದರು.

ಅವತ್ತು ಸಂಜೆ ಅವರು ಮ್ಯಾನೇಜರ್ ಹತ್ತಿರ ಹೋಗಿ ಕೇಳಿಕೊಂಡದ್ದು ಒಂದೇ, ಮಳೆಗಾಲ ಮುಗಿಯುವ ತನಕ ಬಿಡಿ. ಸ್ಟೋರಿಗೆ ಅವರನ್ನು ಕರೆದುಕೊಂಡು ಹೋಗಿ ಪೆಟ್ಟಿಗೆಗಳನ್ನು ಸರಿಸಿ, ಗೆದ್ದಲಿನ ಮಣ್ಣುದಾರಿ ಎಷ್ಟೋ ವರ್ಷದಿಂದ ನೆಲದ ಮೇಲೆ ಬಿದ್ದಿದ್ದ ಹಲಗೆಗಳಿಂದ ಬಂದಿರುವುದನ್ನು ತೋರಿಸಿದರು. ಆದರೂ ಇನ್ನು ಗೋಡೆಯಿಂದ ಎರಡು ಮಾರಿನ ಒಳಗೆ ಚಕ್ಕೆ ಹಾಕುವುದಿಲ್ಲ ಎಂದು ಮಾತು ಕೊಟ್ಟರು. ಮಳೆಗಾಲದ ತನಕ ಎಂದು ಮ್ಯಾನೇಜರ್ ಒಪ್ಪಿದರು.

ಮೇ ತಿಂಗಳಿಡೀ ಕೆಲಸ. ಮಣ್ಣಿಗೆ ಬೆರೆತ ಚಕ್ಕೆಯನ್ನು ಜರಡಿ ಹಿಡಿದಂತೆ ಆಯ್ದು ತೆಗೆದರು. ಪಕ್ಕದ ಹಳ್ಳಿಯಿಂದ ಸಗಣಿ ತಂದು, ನೀರಲ್ಲಿ ಕಲಸಿ ನೆಲಕ್ಕೆ ಹುಯ್ದರು. ರಾಶಿಯಲ್ಲಿ ಅಷ್ಟು ದಿನ ಬಿದ್ದು ಒಳಗೊಳಗೇ ಬೆಚ್ಚಗಾಗಿ ಬಣ್ಣಗೆಟ್ಟಿದ್ದ ಹಳೇ ಚಕ್ಕೆಯನ್ನು ಮೇಲಿನಿಂದ ಒಂದು ಗೇಣು ದಪ್ಪ ಹಾಸಿದರು. ಗಿಡದ ಕಾಂಡಕ್ಕೆ ಮಾತ್ರ ತಾಗದಂತೆ ಸುತ್ತಲೂ ಬಳೆಯಷ್ಟು ಜಾಗ ಬಿಟ್ಟರು. ಉಸಿರಾಡಾಕ ಜಾಗ ಬೇಕು ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಪ್ರೆಸ್ ಶಾಪಿನವರು ಬಾಣಲಿಯಲ್ಲಿ ಚಕ್ಕೆ ಹೊತ್ತು ಹಾಕಿದರು. ಯಾರೂ ಹೇಳಿ ಕಳಿಸಿದ್ದಲ್ಲ.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಮೂರು ಗಂಟೆಗೆ ಹಿಡಿಯಿತು. ಪ್ರೆಸ್ ಶಾಪಿನವರು ಅಭ್ಯಾಸದಂತೆ ಪ್ಯಾಂಟು ಮಡಚಿ, ಬಕೆಟ್ಟು ತಂದಿಟ್ಟುಕೊಂಡು ಹಿಂದಿನ ಬಾಗಿಲಲ್ಲಿ ನಿಂತರು. ನಾನೂ ಇಳಿದು ಹೋದೆ. ಕಾಕಾ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ತೋಟದ ಮಧ್ಯೆ ನಿಂತಿದ್ದರು. ಒಂದು ಗಂಟೆ ಬಿಡದೆ ಸುರಿಯಿತು. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಕೆಂಪು ನೀರು ಹೊಳೆಯಾಗಿ ಹರಿಯುವುದು ಕಾಣುತ್ತಿತ್ತು. ಈಚೆ ಚಕ್ಕೆಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತಿದೆಯೆಂದೇ ತಿಳಿಯಲಿಲ್ಲ. ಬಾಗಿಲ ಹೊಸ್ತಿಲಿಗೆ ತೆಳ್ಳಗೆ ಒಂದು ಗೆರೆ ನೀರು ಬಂತು. ಅದು ಕೆಸರಾಗಿರಲಿಲ್ಲ, ತಿಳಿಯಾಗಿತ್ತು. ಅಲ್ಲೇ ನಿಂತಿತು.

ಮ್ಯಾನೇಜರ್ ಛತ್ರಿ ಹಿಡಿದು ಬಂದವರು ಬಕೆಟ್ಟುಗಳು ಖಾಲಿ ಇರುವುದನ್ನು ನೋಡಿದರು. ಕಾಂಕ್ರೀಟಿನ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಮರುವಾರ, ಪಕ್ಕದ ಕಾರ್ಖಾನೆಯಲ್ಲೂ ಮರ ಕಡಿಯುತ್ತಿದ್ದಾರೆ, ಕೊಂಬೆ ಬೇಕಾದರೆ ಲಾರಿ ಕಳಿಸುತ್ತೇನೆ ಎಂದು ಕಾಕಾಗೆ ಅವರೇ ಹೇಳಿದರು. ಹಾಗೆ ಶುರುವಾದದ್ದು ಬೆಳೆಯಿತು. ಪೀಣ್ಯದಲ್ಲಿ ಆ ವರ್ಷಗಳಲ್ಲಿ ಮರ ಕಡಿಯದ ಬೀದಿಯೇ ಇರಲಿಲ್ಲ. ಎಲ್ಲಿ ಕಡಿದರೂ ಕೊಂಬೆ ನಮ್ಮಲ್ಲಿಗೆ ಬರುತ್ತಿತ್ತು. ಕಾಕಾ ಒಮ್ಮೊಮ್ಮೆ ಬಂದ ಕೊಂಬೆಯ ಎಲೆ ಮುರಿದು ಮೂಸಿ, ಇದು ಹೊಂಗೆ, ಇದನ್ನು ಯಾಕೆ ಕಡಿದರು ಎಂದು ಮುಖ ಸಣ್ಣಗೆ ಮಾಡುತ್ತಿದ್ದರು. ನಂತರ ಯಂತ್ರಕ್ಕೆ ಕೊಡುತ್ತಿದ್ದರು.

ಆ ವರ್ಷದ ಆಯುಧ ಪೂಜೆಗೆ ಯಂತ್ರಗಳಿಗೆ ಏರಿಸಿದ ಚೆಂಡು ಹೂವು ತೋಟದ್ದೇ. ಅಷ್ಟು ಹೊತ್ತಿಗೆ ನಾಲ್ಕನೇ ಪ್ರೆಸ್ಸಿಗೆ ನನ್ನ ಹೊಸ ಗಾರ್ಡ್ ಕೂತಿತ್ತು. ಬಾಗಿಲೂ ಇಲ್ಲ, ಜಾಲರಿಯೂ ಇಲ್ಲ. ತಗಡನ್ನು ಮುಂದಿನಿಂದ ಜಾರಿಸಿದರೆ ಹಳಿಯ ಮೇಲೆ ಹೋಗುವಂತೆ ಜಾರು, ಒತ್ತಿದ ತುಂಡು ತಾನಾಗಿ ಹಿಂದಕ್ಕೆ ಬೀಳುವಂತೆ ಇಳಿಜಾರು. ಕೈ ಅಚ್ಚಿನ ಹತ್ತಿರ ಹೋಗುವ ಕೆಲಸವೇ ಉಳಿಯಲಿಲ್ಲ. ಅದನ್ನು ಕೂರಿಸಿದ ದಿನ ಕಾಕಾ ಒಳಗೆ ಬಂದರು. ಅಪಘಾತವಾದ ಮೇಲೆ ಆ ಪ್ರೆಸ್ಸಿನ ಮುಂದೆ ನಿಂತಿದ್ದು ಅದೇ ಮೊದಲು. ಕೂತು, ಇಪ್ಪತ್ತು ತುಂಡು ಒತ್ತಿದರು. ಎದ್ದು, ಆಪರೇಟರಿಗೆ ಜಾಗ ಬಿಟ್ಟು, ಕೆಲಸ ಮೊದಲಿಗಿಂತ ಲಗೂ, ಬೇಗ ಆಗ್ತೈತಿ ಎಂದಷ್ಟೇ ಹೇಳಿ ತೋಟಕ್ಕೆ ಹೋದರು. ಆ ಗಾರ್ಡನ್ನು ಯಾರೂ ಬಿಚ್ಚಿಲ್ಲ. ಉಳಿದ ಪ್ರೆಸ್ಸುಗಳಿಗೆ ಒಂದೊಂದಾಗಿ ಹಾಕಿಸಲು ಎರಡು ವರ್ಷ ಹಿಡಿಯಿತು, ಪ್ರತಿಯೊಂದಕ್ಕೂ ನಾನು ಹಲವು ಸಲ ಕೇಳಬೇಕಾಯಿತು. ಕೇಳಿದೆ.

ಕಳೆದ ವರ್ಷ ಸ್ವಯಂ ನಿವೃತ್ತಿಯ ನೋಟೀಸು ಬಂದಾಗ ಕಾಕಾ ಮೊದಲಿಗರಾಗಿ ಹೆಸರು ಕೊಟ್ಟರು. ಊರಿನಲ್ಲಿ ತಮ್ಮನ ಹೊಲದ ಅಂಚಿಗೆ ಜಾಲಿ ಬೆಳೆದು ನಿಂತಿದೆ, ಅದನ್ನು ಚಕ್ಕೆ ಮಾಡಿ ಹಾಸಬೇಕು ಎಂದು ಕಾರಣ ಹೇಳಿದರು. ಯಂತ್ರದ ನಕ್ಷೆಯ ಒಂದು ಪ್ರತಿ ಕೇಳಿದರು. ಟ್ರೇಸಿಂಗ್ ಹಾಳೆಯ ಮೇಲೆ ಹೊಸದಾಗಿ ಬರೆದು ಕೊಟ್ಟೆ.

ಬೀಳ್ಕೊಡುಗೆಗೆ ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿದ್ದೆವು. ಶಾಲು ಹೊದಿಸಿದರು, ಮ್ಯಾನೇಜರ್ ನಾಲ್ಕು ಮಾತಾಡಿದರು, ಕಾಕಾ ಮಾತಾಡಬೇಕೆಂದು ಚಪ್ಪಾಳೆ ಬಿತ್ತು. ಅವರು ಎದ್ದು ನಿಂತು, ನನಗ ಭಾಷಣ ಬರಂಗಿಲ್ಲ, ಹತ್ತು ನಿಮಿಷ ನನ್ನ ಹಿಂದ ಬರ್ರಿ ಎಂದು ಹೊರಟೇಬಿಟ್ಟರು. ನಾವು ತೋಟದ ತನಕ ಹಿಂಬಾಲಿಸಿದೆವು. ಅಂಚಿನಲ್ಲಿ ನಿಂತು ಅವರು ತಮ್ಮ ಚಪ್ಪಲಿ ಬಿಟ್ಟರು.

"ಬೂಟ ಬಿಚ್ಚಿ ಒಳಗ ಬರ್ರಿ. ಏನೂ ಚುಚ್ಚಂಗಿಲ್ಲ. ನಾ ನೋಡೇನಿ."

ಜನ ಮುಖ ಮುಖ ನೋಡಿಕೊಂಡರು. ನಮ್ಮಲ್ಲಿ ಕಬ್ಬಿಣದ ಚೂರುಗಳ ಭಯಕ್ಕೆ ಯಾರೂ ಬರಿಗಾಲಲ್ಲಿ ಒಂದು ಹೆಜ್ಜೆ ಇಡುವವರಲ್ಲ. ಒಬ್ಬರು ಬಗ್ಗಿ ಲೇಸು ಬಿಚ್ಚಿದರು, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ. ಮ್ಯಾನೇಜರ್ ಕೊನೆಗೆ ಇಟ್ಟಿಗೆಯ ಕಟ್ಟೆ ಮೇಲೆ ಕೂತು ಕಾಲುಚೀಲ ತೆಗೆದರು. ಹೆಬ್ಬೆರಳಿನ ಹತ್ತಿರ ತೂತಿತ್ತು. ನಾನೂ ಚಪ್ಪಲಿ ಬಿಟ್ಟು ಕಾಲಿಟ್ಟೆ. ಮೇಲಿನ ಚಕ್ಕೆ ಹಳತಾಗಿ ಬೆಂಡಿನಂತೆ ಹಗುರವಾಗಿತ್ತು, ಅದರಡಿಯ ಮಣ್ಣು ನಮ್ಮ ಭಾರಕ್ಕೆ ಸ್ವಲ್ಪ ಇಳಿದು ಪಾದವನ್ನು ಹಿಡಿದುಕೊಂಡಿತು. ತಂಪು ಅಂಗಾಲಿನಿಂದ ಮೊಣಕಾಲಿಗೆ ಏರಿತು. ಅರವತ್ತು ಎಪ್ಪತ್ತು ಜನ ಬದನೆ ಸಾಲಿನ ಮಧ್ಯೆ, ಕರಿಬೇವಿನ ಗಿಡದ ಪಕ್ಕ, ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲಲ್ಲಿ ತಲೆ ತಗ್ಗಿಸಿ ತಮ್ಮ ತಮ್ಮ ಕಾಲುಗಳನ್ನೇ ನೋಡುತ್ತ ನಿಂತಿದ್ದರು.

ಎರಡನೇ ಪಾಳಿಯ ಸೈರನ್ ಕೂಗಿತು. ಸಾಲಾಗಿ ಬಿಟ್ಟಿದ್ದ ಬೂಟುಗಳ ಕಡೆಗೆ ಯಾರೂ ತಿರುಗಲಿಲ್ಲ. ಮ್ಯಾನೇಜರ್ ಕೂಡ.